ಬೋರ್ ನೀರಿನ ವಯಸ್ಸು ಗ್ಯಾಸ್‌ನಿಂದ ಗೊತ್ತಾಗುತ್ತದಾ?

ಪ್ರಶ್ನೆ: ನಮಸ್ಕಾರ ಸರ್, ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಹಳೇ ಬಾವಿ ಇದೆ, ಆಮೇಲೆ ಬೋರ್ ಹೊಡೆಸಿದೆವು. ಬೋರ್ ನೀರು ಹಿಮಯುಗದ ಕಾಲದ್ದು, ಮುಗಿದರೆ ಮತ್ತೆ ತುಂಬಲ್ಲ ಅಂತ ಪಕ್ಕದ ತೋಟದವರು ಹೆದರಿಸಿದ್ದಾರೆ. ಕರಗಿದ ಗ್ಯಾಸ್ ನೋಡಿ ವಯಸ್ಸು ಹೇಳಬಹುದಂತೆ, ಹೌದಾ?

ಉತ್ತರ: ಹೌದು. ತಣ್ಣನೆ ಸೋಡಾದಲ್ಲಿ ಗ್ಯಾಸ್ ಜಾಸ್ತಿ ನಿಲ್ಲುತ್ತದೆ, ಬಿಸಿಯಾದರೆ ಹೋಗುತ್ತದೆ ಅಲ್ವಾ, ಮಳೆನೀರು ಮಣ್ಣಲ್ಲಿ ಇಳಿಯುವಾಗಲೂ ಹಾಗೆಯೇ ಗಾಳಿಯ ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಅದರಲ್ಲಿ ಕರಗುತ್ತವೆ. ಇವು ಯಾವುದರ ಜೊತೆಗೂ ಸೇರುವುದಿಲ್ಲ, ಹಾಗಾಗಿ ನೀರು ಇಂಗಿದಾಗಿನ ಮಣ್ಣಿನ ತಾಪಮಾನ ಅದರಲ್ಲೇ ಉಳಿಯುತ್ತದೆ. 25 ಡಿಗ್ರಿ ನೀರಿಗಿಂತ 0 ಡಿಗ್ರಿ ನೀರಲ್ಲಿ ಕ್ಸೆನಾನ್ ಸುಮಾರು ಎರಡು ಪಟ್ಟು ಕರಗುತ್ತದೆ. ನಿಯಾನ್‌ನಲ್ಲಿ ವ್ಯತ್ಯಾಸ ಕಡಿಮೆ. ಎರಡನ್ನೂ ಹೋಲಿಸಿ ಆ ತಾಪಮಾನ ಲೆಕ್ಕ ಹಾಕುತ್ತೇವೆ. ಬೇರೆ ಬೇರೆ ಖಂಡಗಳ ಹಳೇ ನೀರು ಅಳೆದು, ಸುಮಾರು 20,000 ವರ್ಷದ ಹಿಂದೆ, ಅಂದರೆ ಹಿಮಯುಗದಲ್ಲಿ, ಬಿಸಿ ಪ್ರದೇಶದ ನೆಲವೂ ಈಗಿಗಿಂತ 5-6 ಡಿಗ್ರಿ ತಂಪಾಗಿತ್ತು ಅಂತ ಕಂಡಿದ್ದು ಹೀಗೆಯೇ.

ಇವು ಹೇಳುವುದು ತಾಪಮಾನ, ವಯಸ್ಸಿಗೆ ಹೀಲಿಯಂ ಬೇಕು. ಕಲ್ಲಿನೊಳಗಿನ ಯುರೇನಿಯಂ, ಥೋರಿಯಂ ಕ್ಷಯಿಸಿ ಅದು ಹುಟ್ಟುತ್ತಲೇ ಇರುತ್ತದೆ, ನೀರು ನಿಂತಷ್ಟೂ ಏರುತ್ತದೆ. ಆದರೆ ಯುರೇನಿಯಂ ಜಾಸ್ತಿ ಇರುವ ಗಟ್ಟಿ ಕಲ್ಲಲ್ಲಿ ಹೊಸ ನೀರೂ ಹಳೇದರಂತೆ ಕಾಣಬಹುದು, ಅದಕ್ಕೇ ಒಂದೇ ಸಂಖ್ಯೆ ಹಿಡಿದು ಹೆದರಬೇಡಿ.

ನಿಮ್ಮ ಬಾವಿ ಜೂನಿನ ಮಳೆ ಹಿಡಿದ ಮೇಲೆ ಏರುತ್ತದೆ ಅಂದರೆ ಅದರಲ್ಲಿ ಹಿಮಯುಗ ಹುಡುಕಿದರೆ ಸಿಗಲ್ಲ. ಬೋರ್ ಕತೆ ಬೇರೆ. ಮೇಲಿನ ಸಡಿಲು ಮಣ್ಣಿಗೆ ಮಾತ್ರ ಕೇಸಿಂಗ್, ಕೆಳಗೆ ಮೂರ್ನಾಲ್ಕು ಬಿರುಕಿನ ನೀರು ಒಂದೇ ತೂತಿಗೆ ಬರುತ್ತದೆ. ಹೋದ ವರ್ಷದ ಮಳೆಯೂ ಇರಬಹುದು, ತುಂಬ ಹಳೇದೂ ಇರಬಹುದು. ಅದಕ್ಕೆ ಒಂದೇ ವಯಸ್ಸು ಅಂತ ಹೇಳುವುದೇ ತಪ್ಪು.

ಪ್ರಶ್ನೆ: ಹಾಗಾದರೆ ಬಾಟಲಿಯಲ್ಲಿ ತುಂಬಿಸಿ ಕಳಿಸಲಾ ಸರ್?

ಉತ್ತರ: ಗ್ಯಾಸಿಗೆ ಪ್ಲಾಸ್ಟಿಕ್ ಬಾಟಲಿ ಬೇಡ, ಹೀಲಿಯಂ ಅದರ ಮೂಲಕ ನುಸುಳಿ ಹೋಗುತ್ತದೆ. ತಾಮ್ರದ ಕೊಳವೆಯಲ್ಲಿ ಸ್ವಲ್ಪ ಹೊತ್ತು ನೀರು ಹರಿಸಿ, ಗುಳ್ಳೆ ಹೋಗುವವರೆಗೆ ತಟ್ಟಿ ತಟ್ಟಿ, ಆಮೇಲೆ ಎರಡೂ ತುದಿ ಕ್ಲಾಂಪ್ ಬಿಗಿದು ಚಪ್ಪಟೆ ಮಾಡಬೇಕು. ಒಂದು ಸಣ್ಣ ಗುಳ್ಳೆ ಉಳಿದರೂ ಸ್ಯಾಂಪಲ್ ಹಾಳು. ಖರ್ಚೂ ಜಾಸ್ತಿ. ಮೊದಲು ಟ್ರಿಟಿಯಂ (ಮಳೆನೀರಲ್ಲಿ ಇರುವ, ನಿಧಾನಕ್ಕೆ ಕ್ಷಯಿಸುವ ಹೈಡ್ರೋಜನ್ ರೂಪ) ಪರೀಕ್ಷೆ ಮಾಡಿಸಿ, ಅದಕ್ಕೆ ಒಂದು ಲೀಟರಿನ ಬಾಟಲಿ ಅಂಚಿನವರೆಗೆ ತುಂಬಿದರೆ ಸಾಕು. ಟ್ರಿಟಿಯಂ 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ, ಸಿಕ್ಕಿತು ಅಂದರೆ ಕಳೆದ ಐದಾರು ದಶಕದ ಮಳೆ ನಿಮ್ಮ ಬೋರಿಗೆ ಬರುತ್ತಿದೆ ಅಂತಲೇ. ಏಪ್ರಿಲ್ ಕೊನೆಯಲ್ಲಿ, ಪಂಪ್ ಅರ್ಧ ಗಂಟೆ ಓಡಿದ ಮೇಲೆ ಹಿಡಿಯಿರಿ.