ಡಾಕ್ಟರ್ ಗೆಳೆಯ ಹೋಗಿ ವರ್ಷವಾಗುತ್ತಿದೆ, ಆ ದಿನ ಏನು ಮಾಡೋದು?

ಹಳೇಪೇಷಂಟ್:

ನನ್ನ ಗೆಳೆಯ ಹೋಗಿ ಮುಂದಿನ ವಾರಕ್ಕೆ ಒಂದು ವರ್ಷ. ಅವನು ಡಾಕ್ಟರ್. ಓದುವ ಕಾಲದಿಂದ ಸ್ನೇಹ, ಆಮೇಲೆ ನಮ್ಮ ಮನೆಯವರಿಗೆಲ್ಲ ಅವನೇ ಡಾಕ್ಟರ್ ಆದ. ಎಲ್ಲರೂ ಅವನನ್ನು ಸಾರ್ ಅನ್ನುತ್ತಿದ್ದರು, ನಾನು ಮಾತ್ರ ಹೋಗೋ ಬಾರೋ. ಆದರೆ ಕ್ಲಿನಿಕ್ಕಿನ ಒಳಗೆ ಸ್ನೇಹ ನಡೆಯುತ್ತಿರಲಿಲ್ಲ. ನನ್ನ ಸರದಿ ಬರುವ ತನಕ ಬೆಂಚಿನ ಮೇಲೆ ಕೂರಲೇಬೇಕಿತ್ತು, ಮಾತ್ರೆ ಬಿಟ್ಟಿದ್ದು ಗೊತ್ತಾದರೆ ಎಲ್ಲರಿಗಿಂತ ಜಾಸ್ತಿ ಬೈಗುಳ ನನಗೇ.

ಅಮ್ಮನ ಕೊನೆಯ ದಿನಗಳಲ್ಲಿ ಬೇರೆಯವರೆಲ್ಲ ಸುತ್ತಿ ಬಳಸಿ ಮಾತಾಡುತ್ತಿದ್ದಾಗ ಅವನೊಬ್ಬನೇ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಇನ್ನು ವಾಸಿ ಮಾಡೋಕೆ ಆಗಲ್ಲ ಕಣೋ, ನೋವಿಲ್ಲದ ಹಾಗೆ ನೋಡ್ಕೊಳ್ಳೋಣ" ಅಂದ. ಆಗ ಕೋಪ ಬಂದಿತ್ತು. ಈಗ ಅನ್ನಿಸುತ್ತೆ, ಆ ಮಾತು ಹೇಳೋಕೆ ಅವನಿಗೆ ಎಷ್ಟು ಕಷ್ಟ ಆಗಿರಬೇಕು ಅಂತ. ಇನ್ನೊಂದು ವಿಷಯ ಇದೆ. ಒಂದು ಕಾಲಕ್ಕೆ ನನ್ನ ಮನಸ್ಸು ತೀರಾ ಹದಗೆಟ್ಟಿತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಆಗ ಅವನು ರಾತ್ರಿ ಕ್ಲಿನಿಕ್ ಮುಚ್ಚಿದ ಮೇಲೆ ಫೋನ್ ಮಾಡಿ ಸುಮ್ನೆ ಅದೂ ಇದೂ ಮಾತಾಡುತ್ತಿದ್ದ. ಕಾಯಿಲೆ ಬಗ್ಗೆ ಒಂದು ಮಾತೂ ಇಲ್ಲ. ಅದು ಅವನ ಹೆಂಡತಿಗೂ ಗೊತ್ತಿಲ್ಲ ಅನ್ನಿಸುತ್ತೆ.

ಈಗ ನನ್ನ ಪ್ರಶ್ನೆ. ಆ ದಿನ ಅತ್ತಿಗೆಗೆ (ಅವನ ಹೆಂಡತಿಯನ್ನು ನಾನು ಹಾಗೇ ಕರೆಯೋದು) ಫೋನ್ ಮಾಡಲಾ? ಮರೆಯೋಕೆ ನೋಡ್ತಿರೋರಿಗೆ ನೆನಪು ಮಾಡಿದ ಹಾಗೆ ಆಗುತ್ತಾ? ಗ್ರೂಪಿನಲ್ಲಿ ಎಲ್ಲರೂ ಫೋಟೋ ಹಾಕಿ ಕೈಮುಗಿಯುವ ಚಿತ್ರ ಹಾಕ್ತಾರೆ, ನನಗೆ ಅದು ಆಗಲ್ಲ. ನಮ್ಮಣ್ಣ ಬೇರೆ, "ನೀನೇನು ಅವರ ಮನೆಯವನಾ, ಇಷ್ಟು ದಿನ ಆದ್ರೂ ಹೀಗೆ ಕೂತಿದ್ದೀಯಲ್ಲ" ಅಂತಾನೆ. ಅದಕ್ಕೆ ಉತ್ತರ ಹೊಳೆಯಲಿಲ್ಲ.

ನೇರಮಾತು:

ಫೋನ್ ಮಾಡಿ. ಇದರಲ್ಲಿ ಯೋಚನೆ ಮಾಡೋದು ಏನಿದೆ? ನೀವು ನೆನಪು ಮಾಡಿದರೆ ತಾನೇ ಅವರಿಗೆ ನೆನಪಾಗೋದು ಅಂದುಕೊಂಡಿದ್ದೀರಾ? ಅವರಿಗೆ ಆ ತಾರೀಕು ಒಂದು ತಿಂಗಳು ಮುಂಚೆಯೇ ಬಂದು ಮನೆಯಲ್ಲಿ ಕೂತಿರುತ್ತೆ. ನನ್ನ ತಂಗಿ ಗಂಡ ಹೋದಾಗ ನೋಡಿದ್ದೇನೆ. ಮೊದಮೊದಲು ಮನೆ ತುಂಬಾ ಜನ, ಆಮೇಲೆ ಅವಳ ಮುಂದೆ ಅವನ ಹೆಸರು ಹೇಳೋಕೇ ಎಲ್ಲರಿಗೂ ಭಯ. ಅವಳಿಗೆ ಬೇಜಾರಾಗಿದ್ದು ಅದೇ.

ಒಂದೇ ಮಾತು, "ಹೇಗಿದ್ದೀರಿ ಅತ್ತಿಗೆ" ಅಂತ ಶುರು ಮಾಡಬೇಡಿ. ಅದಕ್ಕೆ "ಚೆನ್ನಾಗಿದ್ದೀನಿ" ಅನ್ನದೆ ಅವರು ಇನ್ನೇನು ಹೇಳಬೇಕು? "ಇವತ್ತು ಅವನ ನೆನಪು ಬಂತು, ಅದಕ್ಕೆ ಮಾಡಿದೆ" ಅನ್ನಿ. ಎತ್ತದಿದ್ದರೆ ಬಿಡಿ, ಮತ್ತೆ ಮತ್ತೆ ಮಾಡಬೇಡಿ.

ಪುಸ್ತಕದಹುಳು:

ನಿಮ್ಮ ಅಣ್ಣನ ಮಾತಿಗೆ ಉತ್ತರ ನಾನು ಕೊಡ್ತೀನಿ. ಗೆಳೆಯರು, ರೋಗಿಗಳು, ಜೊತೆಗೆ ಕೆಲಸ ಮಾಡಿದವರು, ಇವರ ದುಃಖವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ರಜೆ ಕೊಡಲ್ಲ, ಬಂದು ಮಾತಾಡಿಸಲ್ಲ. ಅಮೆರಿಕದ ಪ್ರೊಫೆಸರ್ ಕೆನೆತ್ ಡೋಕಾ 1989ರಲ್ಲೇ ಇದರ ಬಗ್ಗೆ ಒಂದು ಪುಸ್ತಕ ತಂದರು. ಹೋದವರ ಜೊತೆ ರಕ್ತಸಂಬಂಧ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅಳೋ ಹಕ್ಕೇ ಇಲ್ಲದ ಹಾಗೆ ಆಗುತ್ತೆ, ಅದರಿಂದ ದುಃಖ ಕಡಿಮೆ ಆಗಲ್ಲ, ಇನ್ನಷ್ಟು ಕಷ್ಟ ಆಗುತ್ತೆ ಅನ್ನೋದು ಅವರ ವಾದ. ನಿಮ್ಮ ಅಣ್ಣನಿಗೆ ಇದನ್ನೆಲ್ಲ ಹೇಳೋಕೆ ಹೋಗಬೇಡಿ, ಜಗಳ ಆಗುತ್ತೆ. ನಿಮಗೆ ಗೊತ್ತಿದ್ದರೆ ಸಾಕು.

"ಇಷ್ಟು ದಿನ ಆದ್ರೂ" ಅನ್ನೋದಕ್ಕೂ ಒಂದು ಮಾತು. ದುಃಖಕ್ಕೆ ಐದು ಮೆಟ್ಟಿಲು, ಒಂದೊಂದೇ ಹತ್ತಿ ಮುಗಿಸಬೇಕು ಅಂತ ಬಹಳ ಜನ ನಂಬಿದ್ದಾರೆ. 1969ರಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಅನ್ನೋ ಮನೋವೈದ್ಯೆ ಅದನ್ನು ಬರೆದಿದ್ದು ಸಾಯುತ್ತಿದ್ದ ರೋಗಿಗಳನ್ನು ಮಾತಾಡಿಸಿ, ತಮ್ಮವರನ್ನು ಕಳೆದುಕೊಂಡವರನ್ನು ನೋಡಿ ಅಲ್ಲ. ಆಮೇಲೆ 1999ರಲ್ಲಿ ಸ್ಟ್ರೋಬ ಮತ್ತು ಶುಟ್ ಅನ್ನೋ ಇಬ್ಬರು ಸಂಶೋಧಕರು ಹೇಳಿದ್ದು ನನಗೆ ಹೆಚ್ಚು ನಿಜ ಅನ್ನಿಸುತ್ತೆ: ಮನುಷ್ಯ ಒಂದಿಷ್ಟು ಹೊತ್ತು ದುಃಖದಲ್ಲಿ ಇರ್ತಾನೆ, ಒಂದಿಷ್ಟು ಹೊತ್ತು ಅದನ್ನು ಬಿಟ್ಟು ಕರೆಂಟ್ ಬಿಲ್ ಕಟ್ಟೋದು, ನಗೋದು, ಜಗಳ ಆಡೋದು ಮಾಡ್ತಾನೆ, ಮತ್ತೆ ವಾಪಸ್ ಹೋಗ್ತಾನೆ. ಈ ಓಡಾಟವೇ ಸರಿಯಾದದ್ದು. ವರ್ಷದ ದಿನ ಹತ್ತಿರ ಬಂದಾಗ ಮನಸ್ಸು ಕುಸಿಯೋದು ತೀರಾ ಸಾಮಾನ್ಯ.

ಆದರೆ ವರ್ಷ ಕಳೆದ ಮೇಲೂ ಹೆಚ್ಚುಕಮ್ಮಿ ಪ್ರತಿದಿನ ಅದೇ ತೀವ್ರತೆ, ಕೆಲಸ ಮಾಡೋಕೇ ಆಗ್ತಿಲ್ಲ ಅಂತಿದ್ದರೆ ಅದು ಬೇರೆ. 2022ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಅದನ್ನು ಒಂದು ಕಾಯಿಲೆ ಅಂತಲೇ ಸೇರಿಸಿದರು, ದೊಡ್ಡವರಿಗೆ ಕನಿಷ್ಠ 12 ತಿಂಗಳು ಅನ್ನೋ ಮಿತಿ ಇಟ್ಟು. ನಿಮಗೆ ಹಿಂದೆ ಒಮ್ಮೆ ಮನಸ್ಸು ಕೆಟ್ಟಿತ್ತು ಅಂದಿರಲ್ಲ, ಅದಕ್ಕೇ ಹೇಳಿದೆ.

ರಾತ್ರಿಪಾಳಿ:

ನಾನೂ ಡಾಕ್ಟರ್, ಇನ್ನೂ ಚಿಕ್ಕವನು. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಅವನ ಹೆಂಡತಿಗೂ ಗೊತ್ತಿಲ್ಲ" ಅನ್ನೋ ಮಾತು. ಗೊತ್ತಿರೋಕೆ ಸಾಧ್ಯವೇ ಇಲ್ಲ ಸಾರ್. ರೋಗಿ ಹೇಳಿದ ಗುಟ್ಟನ್ನು ಹೊರಗೆ ಬಿಡಬಾರದು ಅನ್ನೋದು ನಮ್ಮ ಕೆಲಸದ ತೀರಾ ಹಳೇ ನಿಯಮ. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಜಿನೀವಾದಲ್ಲಿ ಮಾಡಿದ ಪ್ರತಿಜ್ಞೆಯಲ್ಲಿ ಅದು ಇದೆ, 1968ರಲ್ಲಿ ಅದಕ್ಕೆ "ರೋಗಿ ಸತ್ತ ಮೇಲೂ" ಅಂತ ಸೇರಿಸಿದರು. ಹಾಗಾಗಿ ಒಳ್ಳೆಯ ಡಾಕ್ಟರು ಮನೆಗೆ ಬಂದು "ಇವತ್ತು ಸುಸ್ತಾಗಿದೆ" ಅಂತಾರೆ ಅಷ್ಟೇ. ಯಾಕೆ ಸುಸ್ತು, ಯಾರ ಜೊತೆ ಕೂತಿದ್ದೆ, ಯಾರಿಗೆ ಏನು ಹೇಳಬೇಕಾಯ್ತು, ಒಂದೂ ಹೇಳಲ್ಲ. ಅವರ ಅರ್ಧ ಬದುಕು ಮನೆಯವರಿಗೆ ಗೊತ್ತೇ ಇರಲ್ಲ.

ಆ ಗುಟ್ಟು ಅವರದ್ದಲ್ಲ, ನಿಮ್ಮದು. ಅವರು ಹೇಳೋ ಹಾಗಿರಲಿಲ್ಲ, ನೀವು ಹೇಳಬಹುದು. ನಿಮಗೆ ಇಷ್ಟ ಇದ್ದರೆ ಮಾತ್ರ. ಆ ರಾತ್ರಿ ಫೋನುಗಳ ವಿಷಯ ಅತ್ತಿಗೆಗೆ ನೀವು ಹೇಳದೆ ಇನ್ಯಾರು ಹೇಳ್ತಾರೆ? ಆದರೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರ ಕಾಯಿಲೆ ಕತೆ ಮಾತ್ರ ಬೇಡ, ಎಷ್ಟೇ ಚೆನ್ನಾಗಿದ್ದರೂ. "ಸಾರ್ ನಮ್ಮ ಪಕ್ಕದ ಮನೆಯವರಿಗೆ ಹೀಗೆ ಮಾಡಿದ್ರು" ಅಂತ ಶ್ರದ್ಧಾಂಜಲಿಯಲ್ಲೇ ಎಲ್ಲರ ರೋಗ ಬಯಲು ಮಾಡೋರನ್ನು ನೋಡಿದ್ದೇನೆ.

ಇನ್ನೊಂದು ಕೇಳಲಾ? ಅವರು ಹೋದ ಮೇಲೆ ಬೇರೆ ಡಾಕ್ಟರ ಹತ್ತಿರ ಹೋಗ್ತಿದ್ದೀರಾ? ಮೆಚ್ಚಿದ ಡಾಕ್ಟರ್ ಹೋದ ಮೇಲೆ ಚೆಕಪ್ಪೇ ಬಿಟ್ಟವರು ನಮ್ಮ ಹತ್ತಿರ ಬರ್ತಾರೆ, ಬರುವಾಗ ತಡ ಆಗಿರುತ್ತೆ. ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ, ತಲೆನೋವು ಬರಲಿ ನೋಡೋಣ ಅಂತ ಕಾಯೋ ಹಾಗಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತೆ, ವರ್ಷದ್ದಲ್ಲ. ಹಳೇ ಚೀಟಿ, ರಿಪೋರ್ಟ್ ಎಲ್ಲ ಒಟ್ಟು ಮಾಡಿ ಹೊಸಬರಿಗೆ ಕೊಡಿ. ನಿಮ್ಮ ಗೆಳೆಯ ಏನು ಬರೆದಿದ್ದರು ಅಂತ ಅವರೂ ಓದಲಿ.

ಡಾಕ್ಟರಮಗಳು:

ಇಲ್ಲಿ ಬರೆಯಬೇಕೋ ಬೇಡವೋ ಅಂತ ನೋಡ್ತಿದ್ದೆ. ನಮ್ಮಪ್ಪ ಡಾಕ್ಟರಾಗಿದ್ದರು. ರಾತ್ರಿಪಾಳಿಯವರು ಹೇಳಿದ್ದು ಅಕ್ಷರಶಃ ನಿಜ. ಚಿಕ್ಕವಳಿದ್ದಾಗ ನನಗೆ ಅಪ್ಪ ಅಂದ್ರೆ ನಾನು ಮಲಗಿದ ಮೇಲೆ ಬರುವವರು, ಊಟಕ್ಕೆ ಕೂತಾಗ ಫೋನ್ ಬಂದರೆ ಎದ್ದು ಹೋಗುವವರು. ಅದರ ಬಗ್ಗೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಹೋದ ಮೇಲೆ ರೋಗಿಗಳು ಒಬ್ಬೊಬ್ಬರೇ ಬಂದು, ಕೆಲವರು ಬರೆದು, ಆ ಹೊತ್ತಿನಲ್ಲಿ ಅವರು ಎಲ್ಲಿದ್ದರು ಅಂತ ಹೇಳಿದರು. ಒಬ್ಬಾಕೆ ತಮ್ಮ ಮಗುವಿನ ಜ್ವರ ಇಳಿಯೋ ತನಕ ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು ಅಂದರು. "ತುಂಬಾ ಒಳ್ಳೆ ಮನುಷ್ಯ, ದೇವರಂಥವರು" ಅಂತ ನೂರು ಜನ ಹೇಳಿದ್ದಾರೆ, ಅದು ಯಾವುದೂ ನನ್ನಲ್ಲಿ ಉಳಿದಿಲ್ಲ. ಆ ಕುರ್ಚಿ ಉಳಿದಿದೆ.

ಹಾಗಾಗಿ ಹೊಗಳಬೇಡಿ, ನಡೆದಿದ್ದು ಹೇಳಿ. ಅವರು ನಿಮ್ಮನ್ನು ಬೈದಿದ್ದನ್ನೂ ಹೇಳಿ, ನಮ್ಮಮ್ಮ ಅಂಥವಕ್ಕೇ ನಗೋದು. ಫೋನ್ ಸಾಲದು, ಬರೆದುಕೊಡಿ ಅಂತ ನನ್ನ ಸಲಹೆ. ಆ ದಿನ ಅವರಿಗೆ ಓದೋಕೆ ಆಗದೇ ಇರಬಹುದು. ಇಟ್ಟುಕೊಂಡು ಆಮೇಲೆ ಓದ್ತಾರೆ.

ಹಳೇಪೇಷಂಟ್:

ಎಲ್ಲರಿಗೂ ಥ್ಯಾಂಕ್ಸ್. ಅವನು ಏನೂ ಹೇಳದೆ ಇದ್ದದ್ದು ನನ್ನ ಮೇಲಿನ ಸ್ನೇಹದಿಂದ ಅಂತ ಇಷ್ಟು ದಿನ ಅಂದುಕೊಂಡಿದ್ದೆ, ಎಲ್ಲರಿಗೂ ಹಾಗೇ ಇದ್ದ ಅಂತ ತಿಳಿದು ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು! ಬರೆಯೋಕೆ ಕೂತಿದ್ದೇನೆ. ಅಮ್ಮನ ವಿಷಯ ಬರೆದೆ, ಬೆಂಚಿನ ವಿಷಯ ಬರೆದೆ. ಆ ಮಾತ್ರೆಗಳ ವಿಷಯ ಬರೆಯೋಕೆ ಇನ್ನೂ ಧೈರ್ಯ ಬಂದಿಲ್ಲ. ಫೋನಿನ ಮಾತುಗಳನ್ನಷ್ಟೇ ಬರೆದು, ಯಾಕೆ ಅಂತ ಬರೆಯದಿದ್ದರೆ ನಡೆಯುತ್ತಾ?

ರಾತ್ರಿಪಾಳಿಯವರೇ, ಚೆಕಪ್ಪಿಗೆ ಹೋಗ್ತಿದ್ದೇನೆ. ಹೊಸ ಡಾಕ್ಟರ್ ಬೈಯಲ್ಲ, ಅದೊಂದೇ ಕೊರತೆ.

ಡಾಕ್ಟರಮಗಳು:

ಖಂಡಿತ ನಡೆಯುತ್ತೆ, ಎಷ್ಟು ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಕೆಳಗೆ ನಿಮ್ಮ ಪೂರ್ತಿ ಹೆಸರು, ಫೋನ್ ನಂಬರ್ ಬರೆಯೋದು ಮರೀಬೇಡಿ. ನಮಗೆ ಬಂದ ಕೆಲವು ಪತ್ರಗಳಲ್ಲಿ ಹೆಸರೇ ಇರಲಿಲ್ಲ, ಉತ್ತರ ಬರೆಯೋಕೆ ಅಮ್ಮ ಇವತ್ತಿಗೂ ಅವರನ್ನು ಹುಡುಕ್ತಿದ್ದಾರೆ.