‘ಪ್ರಾಣವನ್ನು ಈಡು ಕೊಡು’: ಇಲ್ಲಿ ಈಡು ಅಂದರೆ ಒತ್ತೆಯೋ, ಬದಲಿಯೋ?

ಗೆಳೆಯರೇ,

ವಾಸ್ಕೋದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಬ್ಬಳ್ಳಿಯವರೊಬ್ಬರು ಪ್ರಾಟೆಸ್ಟಂಟರು. ಗುಡ್ ಫ್ರೈಡೇ ದಿನ ಅವರ ಮನೆಯಲ್ಲಿ ಹಳೆಯ ಕನ್ನಡ ಬೈಬಲ್ ಸುಮ್ನೆ ತಿರುವುತ್ತಿದ್ದೆ. ಮಾರ್ಕ 10:45ರಲ್ಲಿ, ಅನೇಕರನ್ನು ಬಿಡಿಸಿಕೊಳ್ಳಲು ಯೇಸು ತನ್ನ ಪ್ರಾಣವನ್ನು ‘ಈಡು ಕೊಡುವದಕ್ಕೆ’ ಬಂದನು ಅಂತಿದೆ. ಆ ಈಡು ಅನ್ನೋ ಮಾತಲ್ಲೇ ನಿಂತುಬಿಟ್ಟೆ.

ನಮ್ಮ ಕಡೆ ಹೊಲ ಈಡು ಇಟ್ಟು ಸಾಲ ತರುತ್ತಾರೆ. ಅಂದರೆ ಒತ್ತೆ. ಸಾಲ ತೀರಿದರೆ ಹೊಲ ವಾಪಸ್ ಬರುತ್ತದೆ. ಆದರೆ ಈಡುಜೋಡು ಅಂದಾಗ ಸರಿಸಮ ಅನ್ನೋ ಅರ್ಥ. ಒಂದಕ್ಕೆ ಸಮನಾದ ಇನ್ನೊಂದು ಕೊಟ್ಟರೆ ಅದು ಬದಲಿ, ವಾಪಸ್ ಬರಲ್ಲ. ಗ್ರೀಕ್ ಮೂಲದಲ್ಲಿರುವುದು ಲುತ್ರೋನ್, ಗುಲಾಮರನ್ನೋ ಸೆರೆಯಾಳುಗಳನ್ನೋ ಬಿಡಿಸಲು ಕಟ್ಟುವ ಬೆಲೆ. ಹಾಗಾದರೆ ಅನುವಾದಕರ ಮನಸ್ಸಿನಲ್ಲಿ ಇದ್ದದ್ದು ಎರಡನೆಯದೇ ಇರಬೇಕು. (ಮೂರನೇ ದಿನ ಎದ್ದು ಬಂದ ಅಂತಾರಲ್ಲ, ಒತ್ತೆಯ ಅರ್ಥವೂ ಹೊಂದುತ್ತದೆ ಅಂದೆ. ಹುಬ್ಬಳ್ಳಿಯ ಗೆಳೆಯರು ನಕ್ಕು ಚಹಾ ಬಗ್ಗಿಸಿದರು.)

ಬೆಲೆ ಕಟ್ಟಿದ್ದು ಯಾರಿಗೆ? ಈ ಜಗಳ ಚರ್ಚಿನೊಳಗೇ ಹಳೆಯದು. 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಜನ್ ಸೈತಾನನಿಗೆ ಅಂದ. 11ನೇ ಶತಮಾನದ ಕೊನೆಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ ಅದನ್ನು ತಳ್ಳಿಹಾಕಿದ: ಸೈತಾನನಿಗೆ ಕೊಡಬೇಕಾದ ಬಾಕಿ ಏನೂ ಇಲ್ಲ, ಮನುಷ್ಯರ ಪಾಪದ ಬಾಕಿ ಇದ್ದದ್ದು ದೇವರಿಗೆ. ಆದರೆ ಬಾಕಿ ಪೂರ್ತಿ ಕಟ್ಟಿಸಿಕೊಂಡ ಮೇಲೆ ಅದನ್ನು ಕ್ಷಮೆ ಅನ್ನಬಹುದಾ? ಸಾಲ ತೀರಿದರೆ ರಸೀದಿ ಕೊಡುತ್ತಾರೆ, ಮನ್ನಾ ಅನ್ನಲ್ಲ. ‘ಕಟ್ಟಿದವನೂ ಅವನೇ, ಕಟ್ಟಿಸಿಕೊಂಡವನೂ ಅವನೇ’ ಅಂತ ಗೆಳೆಯರ ಉತ್ತರ. ನನಗೆ ಅರ್ಧ ಒಪ್ಪಿಗೆ.

ನಮ್ಮ ಮನೆಯಲ್ಲಂತೂ ಉಪ್ಪು ತಿಂದವನೇ ನೀರು ಕುಡಿಯಬೇಕು. ಒಬ್ಬರ ಹೊರೆ ಇನ್ನೊಬ್ಬರು ಹೊರಲ್ಲ ಅಂತ ಕುರಾನ್ ಕೂಡ ಹೇಳುತ್ತದೆ. ಬಕ್ರೀದ್ ಕುರ್ಬಾನಿಯ ಮಾಂಸ, ರಕ್ತ ದೇವರಿಗೆ ಮುಟ್ಟಲ್ಲ, ಭಕ್ತಿ ಮಾತ್ರ ಮುಟ್ಟುತ್ತದೆ ಅಂತಲೂ ಇದೆ.

ಇನ್ನು ಬಲಿ. ಕನ್ನಡ ಕ್ಯಾಥೊಲಿಕರು ಮಾಸ್‌ಗೆ ಬಲಿಪೂಜೆ ಅನ್ನುತ್ತಾರೆ, ಹಳೆಯ ಬೈಬಲ್ಲಿನಲ್ಲಿ ಜಾಸ್ತಿ ಕಾಣುವುದು ಯಜ್ಞ. ಪೇಪರಿನಲ್ಲಿ ‘ಅಪಘಾತಕ್ಕೆ ಮೂವರು ಬಲಿ’ ಅಂತ ಓದಿ ಓದಿ ಬಲಿ ಅಂದರೆ ಸಿಕ್ಕಿಬಿದ್ದು ಸತ್ತಂತೆ ಕೇಳುತ್ತದೆ. ‘ಈಡಾದ’ ಅಂದರೂ ಅಷ್ಟೇ. ಆದರೆ ‘ಈಡು ಕೊಟ್ಟ’ ಅಂದ ಕೂಡಲೇ ಅದು ಅವನ ಸ್ವಂತ ಇಷ್ಟ. ಒಂದು ಕ್ರಿಯಾಪದ ಬದಲಾದರೆ ಇಷ್ಟು ವ್ಯತ್ಯಾಸ, ಅಲ್ವಾ?

ಎರಡು ಪ್ರಶ್ನೆ. ಬದಲಿಯ ಅರ್ಥದಲ್ಲಿ ‘ಈಡು ಕೊಡು’ ನಿಮ್ಮ ಕಡೆ ಮಾತಿನಲ್ಲಿ ಇನ್ನೂ ಇದೆಯಾ? ಕಿಟೆಲ್ ನಿಘಂಟು (1894) ಇರುವವರು ಈಡು ತೆಗೆದು ನೋಡಿ. ಮತ್ತೆ, ಪಕ್ಕದ ಮನೆಯ ಗೋವಾದ ಅಜ್ಜಿ ಪ್ರಾರ್ಥನೆಯಲ್ಲಿ ‘ಆಮ್ಚಿಂ ಪಾತ್ಕಾಂ ಭೊಗೊಸ್’, ನಮ್ಮ ಪಾಪ ಕ್ಷಮಿಸು, ಅನ್ನುತ್ತಾರೆ. ಈ ಭೊಗೊಸ್‌ಗೂ ನಮ್ಮ ಭೋಗಿಸುಗೂ ನೆಂಟಸ್ತಿಕೆ ಇದೆಯಾ? ಕೊಂಕಣಿ ಬಲ್ಲವರು ಹೇಳಿ.