ಬಿಸಿಲಿಗೆ ಗಿಡಮೂಲಿಕೆ ಕ್ರೀಮ್ ಸಾಕಾ? ಚರ್ಮದ ಡಾಕ್ಟರನ್ನು ಕೇಳಿ

ಅಡ್ಮಿನ್: ಚಿಕ್ಕಬಳ್ಳಾಪುರದ ನಮ್ಮ ಚರ್ಮದ ಡಾಕ್ಟರ್ ಮೇಡಂ ಇವತ್ತು ಸಂಜೆ ಗುಂಪಿನಲ್ಲಿರುತ್ತಾರೆ. ಕ್ರೀಮ್ ಮಾರುವವರು ದಯವಿಟ್ಟು ಸುಮ್ಮನಿರಿ.

ಗೌರಿಬಿದನೂರು ಸದಸ್ಯೆ: ನಮಸ್ತೆ ಮೇಡಂ. ಗ್ರೀನ್ ಟೀ ಸಾರದ ಕ್ರೀಮ್ ಹಚ್ಚಿದರೆ ಸನ್‌ಸ್ಕ್ರೀನ್ ಬೇಡ ಅಂತಾರೆ. ನಿಜಾನಾ?

ಡಾಕ್ಟರ್: ನಮಸ್ತೆ. ನಿಜ ಅಲ್ಲ. ಬಿಸಿಲು ಚರ್ಮದೊಳಗೆ ಮಾಡುವ ಹಾನಿಯನ್ನು ಗ್ರೀನ್ ಟೀ ಸಾರ ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಬಿಸಿಲನ್ನು ತಡೆಯುವುದಿಲ್ಲ. ಗಾಳಿ, ಬೆಳಕು ತಾಗಿದರೆ ಸಾರವೇ ಬೇಗ ಕೆಡುತ್ತದೆ. ಹಚ್ಚಲೇಬೇಕು ಅಂದ್ರೆ ಹಚ್ಚಿ, ಅದರ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇರಲಿ. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ.

ಚಿಂತಾಮಣಿ ಸದಸ್ಯೆ: ಕೊಬ್ಬರಿ ಎಣ್ಣೆ ಸಾಕಲ್ವಾ ಮೇಡಂ?

ಡಾಕ್ಟರ್: ಸಾಲದು.

ಕಾಲೇಜು ಹುಡುಗಿ: ಎಣ್ಣೆ ಮುಖಕ್ಕೆ ಯಾವ ಸನ್‌ಸ್ಕ್ರೀನ್ ಒಳ್ಳೇದು?

ಸೇವಂತಿ ತೋಟದ ಸೊಸೆ: ಮೇಡಂ, ನಮ್ಮತ್ತೆ ದಿನಾ ಸೇವಂತಿ ಬಿಡಿಸುತ್ತಾರೆ. ಮುಖ, ಕತ್ತು ಕಪ್ಪಾಗಿ ದಪ್ಪಗಾಗಿದೆ. ಸಿಕ್ಕಾಪಟ್ಟೆ ತುರಿಕೆ. ಬಿಸಿಲಿನ ಅಲರ್ಜಿ ಅಂತ ಅಂಗಡಿಯವರು ಕ್ಯಾಮೊಮೈಲ್, ಕ್ಯಾಲೆಂಡುಲ ಇರುವ ಹರ್ಬಲ್ ಕ್ರೀಮ್ ಕೊಟ್ಟರು. ಇನ್ನೂ ಜಾಸ್ತಿ ಆಯ್ತು.

ಡಾಕ್ಟರ್: ಕಣ್ಣಿನ ರೆಪ್ಪೆ, ಗದ್ದದ ಕೆಳಗೆ, ಕಿವಿ ಹಿಂದೆ ನೋಡಿ ಹೇಳಿ. ಅಲ್ಲೂ ಇದೆಯಾ?

ಸೇವಂತಿ ತೋಟದ ಸೊಸೆ: ಇದೆ ಮೇಡಂ. ಕಿವಿ ಹಿಂದೆ ಬಿರುಕು ಬಿಟ್ಟು ನೀರು ಒಸರುತ್ತದೆ.

ಡಾಕ್ಟರ್: ಬರೀ ಬಿಸಿಲಿನದಾಗಿದ್ದರೆ ನೆರಳಿರುವ ಆ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಅಲ್ಲೂ ಬಂದಿದೆ ಅಂದ್ರೆ ಗಾಳಿಯಲ್ಲಿ ಬರುವ ಗಿಡದ ಪುಡಿಯ ಮೇಲೆ ನನಗೆ ಅನುಮಾನ. ಬದುವಿನಲ್ಲಿ ಪಾರ್ಥೇನಿಯಂ ಇದ್ದೇ ಇರುತ್ತದಲ್ಲ, ಅದೇ ಕಾಂಗ್ರೆಸ್ ಗಿಡ. ಅದೂ ಸೇವಂತಿಯೂ ಒಂದೇ ಕುಟುಂಬ. ಒಂದಕ್ಕೆ ಅಲರ್ಜಿ ಆದವರಿಗೆ ಇನ್ನೊಂದಕ್ಕೂ ಅಲರ್ಜಿ ಆಗಬಹುದು. ಕ್ಯಾಮೊಮೈಲ್, ಕ್ಯಾಲೆಂಡುಲ ಕೂಡ ಅದೇ ಕುಟುಂಬದವು! ನಾಳೆಯಿಂದ ಆ ಕ್ರೀಮ್ ಬೇಡ. ಇದನ್ನು ಹೀಗೇ ಬಿಟ್ಟರೆ ಕೆಲವರಿಗೆ ಆಮೇಲೆ ಬಿಸಿಲೇ ಆಗದ ಸ್ಥಿತಿ ಬರುತ್ತದೆ. ಪ್ಯಾಚ್ ಟೆಸ್ಟ್ ಮಾಡಿಸಬೇಕು. ಬೆನ್ನಿಗೆ ಪಟ್ಟಿ ಅಂಟಿಸಿ 2 ದಿನ ಬಿಡುತ್ತೇವೆ, ಆಮೇಲೆ ತೆಗೆದು ನೋಡುತ್ತೇವೆ. ಕ್ರೀಮಿನ ಟ್ಯೂಬ್ ತನ್ನಿ. ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯೂ ಬೇಕು, ಬಿಪಿ ಮಾತ್ರೆಗಳಲ್ಲಿ ಕೆಲವು ಬಿಸಿಲಿಗೆ ಚರ್ಮ ಕೆರಳಿಸುತ್ತವೆ.

ಬಾಗೇಪಲ್ಲಿ ಹಿರಿಯರು: *ಬಂದದ್ದು ಕಳಿಸುತ್ತಿದ್ದೇನೆ* ನಿಂಬೆರಸಕ್ಕೆ ಅರಿಶಿನ ಕಲಸಿ ಹಚ್ಚಿ ಎಳೆಬಿಸಿಲಲ್ಲಿ 15 ನಿಮಿಷ ಕೂತರೆ ಟ್ಯಾನ್ ಮಾಯ. 10 ಜನಕ್ಕೆ ಕಳಿಸಿ.

ಡಾಕ್ಟರ್: ಯಜಮಾನರೇ, ದಯವಿಟ್ಟು ಇದನ್ನು ಅಳಿಸಿ. ನಿಂಬೆಯಲ್ಲಿ ಸೋರಾಲೆನ್ ಜಾತಿಯ ಅಂಶಗಳಿವೆ. ರಸ ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಅದಕ್ಕೇ ಯಾರಿಗೂ ನಿಂಬೆ ಮೇಲೆ ಅನುಮಾನ ಬರುವುದಿಲ್ಲ. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬಾಗೇಪಲ್ಲಿ ಹಿರಿಯರು: ನಮ್ಮಜ್ಜಿ ಕಾಲದಿಂದ ಹಚ್ಚಿದ್ದೇವೆ. ಏನೂ ಆಗಿಲ್ಲ. ಇಂಗ್ಲಿಷ್ ಔಷಧಿಯವರಿಗೆ ನಮ್ಮ ಗಿಡಗಳು ಕಂಡರೆ ಆಗಲ್ಲ.

ಶಿಡ್ಲಘಟ್ಟದ ಮೇಷ್ಟ್ರು: ಅಜ್ಜಿ ನಿಂಬೆ ಹಚ್ಚಿ ಬಿಸಿಲಲ್ಲಿ ಕೂತಿದ್ದನ್ನು ನೀವು ಕಂಡಿದ್ರಾ ಸಾರ್? ನಮ್ಮಜ್ಜಿ ಸೆರಗು ಹೊದ್ದು ನೆರಳಲ್ಲಿ ಕೂರುತ್ತಿದ್ದರು.

ಬಾಗೇಪಲ್ಲಿ ಹಿರಿಯರು: ನಿಮ್ಮನ್ನ ಯಾರು ಕೇಳಿದ್ದು? ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರಿಸುತ್ತಿರಲಿಲ್ವಾ? ಅದೂ ಸುಳ್ಳಾ?

ಡಾಕ್ಟರ್: ಅದು ನಿಜ. ಬಾವಂಚಿಯಲ್ಲಿ ಸೋರಾಲೆನ್ ಇದೆ. ಬಿಸಿಲಿಗೆ ಚರ್ಮ ಜಾಸ್ತಿ ಸ್ಪಂದಿಸಲಿ, ಬಣ್ಣ ಬರಲಿ ಅಂತಲೇ ಅದನ್ನು ಹಚ್ಚುತ್ತಿದ್ದರು. ಅಂದ್ರೆ ನಾನು ಹೇಳಿದ್ದನ್ನೇ ನೀವೂ ಹೇಳಿದಿರಿ. ಗಿಡ ಅಂದ ಮಾತ್ರಕ್ಕೆ ಬಿಸಿಲಿನಿಂದ ಕಾಪಾಡುತ್ತದೆ ಅಂತಿಲ್ಲ. ಅಳತೆ ತಪ್ಪಿದರೆ ಬಾವಂಚಿಯೂ ಸುಡುತ್ತದೆ.

ಶಿಡ್ಲಘಟ್ಟದ ಮೇಷ್ಟ್ರು: 😂

ಬಾಗೇಪಲ್ಲಿ ಹಿರಿಯರು: ನಗಬೇಡಿ. ವಯಸ್ಸಿಗೆ ಮರ್ಯಾದೆ ಕೊಡೋದು ಕಲಿಯಿರಿ.

ಚಿಂತಾಮಣಿ ಸದಸ್ಯೆ: ಹಾಗಾದ್ರೆ ಕ್ಯಾರೆಟ್ ಬೀಜದ ಎಣ್ಣೆ?

ಡಾಕ್ಟರ್: ಅದೂ ಸಾಲದು. ಎಣ್ಣೆಗಳ ಬಗ್ಗೆ ಇನ್ನು ಕೇಳಬೇಡಿ.

ಹೊಸ ಸದಸ್ಯ: ಜರೀಗಿಡದ ಸಾರದ ಮಾತ್ರೆ ನುಂಗಿದರೆ ಬಿಸಿಲು ಏನೂ ಮಾಡಲ್ವಂತೆ?

ಡಾಕ್ಟರ್: ಆ ಜರೀಗಿಡದ ಹೆಸರು ಪಾಲಿಪೋಡಿಯಂ. ಸ್ವಲ್ಪ ಉಪಯೋಗ ಇದೆ. ಟೋಪಿ, ಸನ್‌ಸ್ಕ್ರೀನ್ ಬಿಡುವಷ್ಟಿಲ್ಲ.

ಕಾಲೇಜು ಹುಡುಗಿ: ಮೇಡಂ ಎಣ್ಣೆ ಮುಖಕ್ಕೆ??

ಅಡ್ಮಿನ್: ಮೇಷ್ಟ್ರೇ, ಯಜಮಾನರೇ, ಜಗಳ ಇದ್ದರೆ ಬೇರೆ ಕಡೆ ಇಟ್ಟುಕೊಳ್ಳಿ.

ಸೇವಂತಿ ತೋಟದ ಸೊಸೆ: ಮೇಡಂ, ಅತ್ತೆ ತೋಟಕ್ಕೆ ಹೋಗದೆ ಇರಲ್ಲ. ಈಗ ಸೀಸನ್. ಗ್ಲೌಸ್ ಹಾಕಿದರೆ ಸಾಕಾ?

ಡಾಕ್ಟರ್: ಕೈಗೆ ಸಾಕು, ಮುಖಕ್ಕೆ ಸಾಲದು. ಪುಡಿ ಗಾಳಿಯಲ್ಲಿ ಬರುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಮುಖ ಕತ್ತು ಮುಚ್ಚುವಂತೆ ಬಟ್ಟೆ ಸುತ್ತಿಕೊಳ್ಳಲಿ. ಬಂದ ತಕ್ಷಣ ಸ್ನಾನ. ಆ ಬಟ್ಟೆ ಬೇರೆ ಒಗೆಯಿರಿ. ಬದುವಿನ ಪಾರ್ಥೇನಿಯಂ ಬೇರೆಯವರು ಕೀಳಲಿ, ಹೂ ಬಿಡುವ ಮುಂಚೆಯೇ. ಈ ವಾರವೇ ಕರೆದುಕೊಂಡು ಬನ್ನಿ.

ಸೇವಂತಿ ತೋಟದ ಸೊಸೆ: ಪೂಜೆಗೆ ಸೇವಂತಿ ಏರಿಸಬಹುದಾ ಅಂತ ಕೇಳ್ತಿದ್ದಾರೆ.

ಡಾಕ್ಟರ್: ನೀವು ಏರಿಸಿ. ಅವರು ಮುಟ್ಟುವುದು ಬೇಡ.